ಮಿದುಳಿನ ಗಡ್ಡೆಯ ಬಳಿಗೆ ಬಂದ ರಾಮನ್ ಬೆಳಕು

ಪ್ರತಿ ವರ್ಷ ಫೆಬ್ರವರಿ 28 ಬಂತೆಂದರೆ ನಾಡಿನ ಉಳಿದೆಡೆಗಳಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆಗಳಲ್ಲೂ ರಾಷ್ಟ್ರೀಯ ವಿಜ್ಞಾನ ದಿನಾಚರಣೆ. ಪೇಟ ತೊಟ್ಟ ಸರ್ ಸಿ.ವಿ. ರಾಮನ್ ಅವರ ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. ಕಡಲು ನೀಲಿಯಾಗಿ ಕಾಣುವುದೇಕೆಂಬ ಕಥೆಯನ್ನು ಮಕ್ಕಳಿಗೆ ಮತ್ತೊಮ್ಮೆ ಹೇಳಲಾಗುತ್ತದೆ. ಆದರೆ ಆ ಕಥೆಯ ಇನ್ನೊಂದು ಮಗ್ಗುಲು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ರಾಮನ್ ಅವರ ಶೋಧ ಹುಟ್ಟಿದ್ದೇ ಪ್ರತಿದೀಪ್ತಿ ಎಂಬ ಇನ್ನೊಂದು ಬೆಳಕಿನಿಂದ ಅದನ್ನು ಬೇರ್ಪಡಿಸಿ ನೋಡುವ ಪ್ರಯತ್ನದಲ್ಲಿ. ಹಾಗೆ ಬೇರ್ಪಟ್ಟ ಆ ಎರಡು ಬೆಳಕುಗಳು ಸುಮಾರು ಒಂದು ಶತಮಾನದ ನಂತರ ಮತ್ತೆ ಮುಖಾಮುಖಿಯಾಗಿವೆ. ಅವು ಸೇರಿದ ಜಾಗ ಮಾತ್ರ ಭೌತಶಾಸ್ತ್ರದ ಪ್ರಯೋಗಾಲಯವಲ್ಲ; ಮಿದುಳಿನ ಅತಿ ಉಗ್ರ ಗಡ್ಡೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಕೋಣೆ.

ರಾಮನ್ ವೈದ್ಯರಲ್ಲ. ಶಸ್ತ್ರಚಿಕಿತ್ಸೆಗೂ ಅವರಿಗೂ ನೇರ ನಂಟಿರಲಿಲ್ಲ. ಆದರೂ ಕಣ್ಣಿಗೆ ಕಾಣುವ ಹೊಳಪು ಎಲ್ಲಿಂದ ಬಂತು, ಅದು ನಿಜವಾಗಿ ಏನನ್ನು ಹೇಳುತ್ತಿದೆ ಎಂಬ ಅವರ ಬದುಕಿನ ಮೂಲಪ್ರಶ್ನೆಯೇ ಇಂದು ನರಶಸ್ತ್ರಚಿಕಿತ್ಸಕರ ಪ್ರಶ್ನೆಯೂ ಆಗಿದೆ. ಆ ಕಾರಣಕ್ಕಾಗಿ ಅವರ ಜೀವನವನ್ನು ಈ ದಾರಿಯಿಂದ ಒಮ್ಮೆ ನೋಡುವುದು ಉಚಿತವೆನಿಸುತ್ತದೆ.

ಲೆಕ್ಕಪತ್ರ ಇಲಾಖೆಯ ಯುವಕ

ಚಂದ್ರಶೇಖರ ವೆಂಕಟ ರಾಮನ್ ಜನಿಸಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಹಾಗೂ ಭೌತಶಾಸ್ತ್ರದ ಅಧ್ಯಾಪಕರು. ತಾಯಿ ಪಾರ್ವತಿ ಅಮ್ಮಾಳ್. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತಾಗ ಕುಟುಂಬ ಅಲ್ಲಿಗೆ ಸ್ಥಳಾಂತರಗೊಂಡಿತು. ಮನೆಯಲ್ಲಿ ಪುಸ್ತಕಗಳಿದ್ದವು, ಸಂಗೀತವಿತ್ತು. ಬಾಲಕ ರಾಮನ್ ವಯಸ್ಸಿಗೆ ಮೀರಿದ ವೇಗದಲ್ಲಿ ತರಗತಿಗಳನ್ನು ದಾಟಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. 1904ರಲ್ಲಿ ಪ್ರಥಮ ಸ್ಥಾನ ಹಾಗೂ ಚಿನ್ನದ ಪದಕದೊಂದಿಗೆ ಬಿ.ಎ. ಪದವಿ ಪಡೆದರು, 1907ರಲ್ಲಿ ಎಂ.ಎ. ಮುಗಿಸಿದರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ವಿವರ್ತನೆಯ ಕುರಿತ ಅವರ ಮೊದಲ ಪ್ರಬಂಧ ಇಂಗ್ಲೆಂಡಿನ ಫಿಲಸಾಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅಂದಿನ ಭಾರತದಲ್ಲಿ ವಿಜ್ಞಾನವನ್ನೇ ನಂಬಿ ಬದುಕು ಸಾಗಿಸುವ ದಾರಿಗಳು ಅಪರೂಪವಾಗಿದ್ದವು. ಹಣಕಾಸು ಸೇವೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ರಾಮನ್, ಹತ್ತೊಂಬತ್ತು ತುಂಬುವ ಮೊದಲೇ ಕಲ್ಕತ್ತೆಯಲ್ಲಿ ಸಹಾಯಕ ಮಹಾಲೇಖಪಾಲರಾಗಿ ಅಧಿಕಾರ ವಹಿಸಿಕೊಂಡರು. ಅದೇ ವರ್ಷ ಲೋಕಸುಂದರಿಯವರೊಡನೆ ವಿವಾಹವೂ ಆಗಿತ್ತು. ಕಚೇರಿಗೆ ಹೋಗುವ ದಾರಿಯಲ್ಲಿ, ಬೌಬಜಾರ್ ಬೀದಿಯಲ್ಲಿ, ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಫಲಕವೊಂದು ಅವರ ಕಣ್ಣಿಗೆ ಬಿತ್ತು. ಆ ಸಂಘವನ್ನು 1876ರಲ್ಲಿ ಸ್ಥಾಪಿಸಿದವರು ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು. ಅಲ್ಲಿ ಉಪಕರಣಗಳಿದ್ದವು, ಕೊಠಡಿಗಳಿದ್ದವು, ದುಡಿಯುವವರು ಇರಲಿಲ್ಲ.

ಅಂದಿನಿಂದ ರಾಮನ್ ಅವರ ದಿನಚರಿ ಎರಡು ಪಾಳಿಯದಾಯಿತು. ನಸುಕಿನಲ್ಲಿ ಸಂಘದ ಪ್ರಯೋಗಾಲಯ, ಹಗಲು ಸರ್ಕಾರದ ಲೆಕ್ಕ, ಸಂಜೆ ಐದರ ನಂತರ ರಾತ್ರಿಯವರೆಗೆ ಮತ್ತೆ ಪ್ರಯೋಗಾಲಯ. ನಡುವೆ ರಂಗೂನ್, ನಾಗಪುರಗಳಿಗೆ ವರ್ಗವಾದರೂ ಕೆಲಸ ನಿಲ್ಲಲಿಲ್ಲ. ಪಿಟೀಲು, ವೀಣೆ, ಮೃದಂಗ, ತಬಲಾಗಳ ನಾದದ ಹಿಂದಿನ ಭೌತಶಾಸ್ತ್ರವನ್ನು ಅವರು ಈ ಕಾಲದಲ್ಲಿಯೇ ಕೈಗೆತ್ತಿಕೊಂಡರು. 1917ರಲ್ಲಿ ಆಶುತೋಷ ಮುಖರ್ಜಿಯವರ ಆಹ್ವಾನದ ಮೇರೆಗೆ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಸ್ವೀಕರಿಸಿದಾಗ ಅವರ ಸಂಬಳ ಸರಿಸುಮಾರು ಅರ್ಧಕ್ಕಿಳಿಯಿತು. ಅಧಿಕಾರಿಯ ಕುರ್ಚಿಯನ್ನು ತೊರೆದು ಮೇಷ್ಟರಾಗುವ ಈ ನಿರ್ಧಾರ ಅಂದಿನವರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಪ್ರತಿದೀಪ್ತಿಯಲ್ಲದ ಹೊಳಪು

1921ರಲ್ಲಿ ಆಕ್ಸ್‌ಫರ್ಡ್‌ನ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ ಹೋಗಿದ್ದ ರಾಮನ್, ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಚಿಂತನೆಗೆ ತೊಡಗಿದರು. ಕಡಲಿನ ನೀಲಿ ಆಗಸದ ಪ್ರತಿಬಿಂಬವಷ್ಟೇ ಎಂಬ ಅಂದಿನ ನಂಬಿಕೆಯನ್ನು ಅವರು ಸಾದಾ ಪ್ರಯೋಗದಿಂದ ತಳ್ಳಿಹಾಕಿದರು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬುದು ಅವರ ತೀರ್ಮಾನ. ಅಲ್ಲಿಂದ ಮುಂದೆ ಏಳು ವರ್ಷಗಳ ಕಾಲ ದ್ರವ, ಅನಿಲ, ಹರಳುಗಳ ಮೇಲೆ ಬೆಳಕು ಹಾಯಿಸುತ್ತ ಅವರ ಶಿಷ್ಯವೃಂದ ದುಡಿಯಿತು.

1923ರಲ್ಲಿ ಶಿಷ್ಯ ಕೆ.ಆರ್. ರಾಮನಾಥನ್ ಒಂದು ಸಂಗತಿಯನ್ನು ಗಮನಿಸಿದರು. ಶುದ್ಧ ದ್ರವದೊಳಗೆ ಒಂದು ಬಣ್ಣದ ಬೆಳಕನ್ನು ಹಾಯಿಸಿದರೆ, ಚದುರಿ ಬರುವ ಬೆಳಕಿನಲ್ಲಿ ಅದೇ ಬಣ್ಣದ ಜೊತೆಗೆ ಬೇರೆ ಬಣ್ಣದ ಅತಿ ಕ್ಷೀಣ ಜಾಡೊಂದಿತ್ತು. ಮೊದಲಿಗೆ ಅದನ್ನು ದುರ್ಬಲ ಪ್ರತಿದೀಪ್ತಿಯೆಂದು ಭಾವಿಸಲಾಯಿತು. ದ್ರವದಲ್ಲಿ ಉಳಿದ ಯಾವುದೋ ಕಶ್ಮಲ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಉಗುಳುತ್ತಿರಬೇಕು ಎಂಬುದು ತರ್ಕ. ಹಾಗಿದ್ದರೆ ದ್ರವವನ್ನು ಮತ್ತೆ ಮತ್ತೆ ಶುದ್ಧೀಕರಿಸಿದಾಗ ಆ ಹೊಳಪು ಮಾಯವಾಗಬೇಕಿತ್ತು. ಮಾಯವಾಗಲಿಲ್ಲ.

ಪ್ರತಿದೀಪ್ತಿ ಎಂದರೇನೆಂದು ತಿಳಿಯಲು ಮಲೆನಾಡಿನವರು ದೂರ ಹೋಗಬೇಕಿಲ್ಲ. ಅಂಗಳದ ಗಿಡದ ಹಸಿರೆಲೆಯೊಂದನ್ನು ಜಜ್ಜಿ ಸ್ಪಿರಿಟ್‌ನಲ್ಲಿ ನೆನೆಹಾಕಿ, ಸೋಸಿದ ಹಸಿರು ರಸದ ಮೇಲೆ ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದರೆ ರಸ ಕೆಂಪಾಗಿ ಹೊಳೆಯುತ್ತದೆ. ಪತ್ರಹರಿತ್ತಿನ ಅಣು ಬೆಳಕನ್ನು ಹೀರಿಕೊಂಡು, ಕ್ಷಣದ ಅತಿ ಸಣ್ಣ ಅಂಶದಷ್ಟು ಕಾಲ ಹಿಡಿದಿಟ್ಟು, ಒಂದಷ್ಟು ಶಕ್ತಿಯನ್ನು ಕಳೆದುಕೊಂಡು ಉಳಿದದ್ದನ್ನು ಕೆಂಪು ಬೆಳಕಾಗಿ ಹೊರಬಿಡುತ್ತದೆ. ಅಡುಗೆಮನೆಯ ಅರಿಸಿನವೂ ಅಂಥದೇ ದೀಪದಡಿ ಹಳದಿ ಮಿಶ್ರಿತ ಹಸಿರಾಗಿ ಬೆಳಗುತ್ತದೆ. ಹೀರುವಿಕೆ ಮೊದಲು, ಹೊಳಪು ಆಮೇಲೆ; ಇದು ಪ್ರತಿದೀಪ್ತಿಯ ಲಕ್ಷಣ.

ರಾಮನ್ ಕಂಡದ್ದು ಬೇರೆಯೇ ಆಗಿತ್ತು. ಎಸ್. ವೆಂಕಟೇಶ್ವರನ್ ಅವರು ಶುದ್ಧ ಗ್ಲಿಸರಿನ್‌ನಲ್ಲಿ ಕಂಡ ಹಸಿರು ಹೊಳಪು ಬಲವಾಗಿ ಧ್ರುವೀಕರಣಗೊಂಡಿತ್ತು. ಸಾಮಾನ್ಯ ಪ್ರತಿದೀಪ್ತಿಗೆ ಆ ಗುಣ ಹೊಂದುವುದಿಲ್ಲ. 1928ರ ಆರಂಭದಲ್ಲಿ ಕೆ.ಎಸ್. ಕೃಷ್ಣನ್ ಅವರೊಡನೆ ರಾಮನ್ ಹಲವು ಹತ್ತು ದ್ರವಗಳಲ್ಲಿ ಅದೇ ಹೊಳಪನ್ನು ಗುರುತಿಸಿದರು. ಫೆಬ್ರವರಿ 28ರಂದು ರೋಹಿತದರ್ಶಕದಲ್ಲಿ ಅದು ಮೂಲ ಬೆಳಕಿನಿಂದ ಪ್ರತ್ಯೇಕವಾಗಿ ನಿಂತದ್ದು ಸ್ಪಷ್ಟವಾಯಿತು. ಬೆಳಕು ಅಣುವಿಗೆ ತಾಕಿ ಚದುರುವ ಹೊತ್ತಿನಲ್ಲೇ ಆ ಅಣುವಿನ ಕಂಪನಕ್ಕೆ ಒಂದಿಷ್ಟು ಶಕ್ತಿ ಕೊಟ್ಟು ಅಥವಾ ಅದರಿಂದ ಪಡೆದು ತನ್ನ ಬಣ್ಣ ಬದಲಿಸುತ್ತದೆ. ಪ್ರತಿ ಅಣುವೂ ತನ್ನದೇ ರೀತಿಯಲ್ಲಿ ಕಂಪಿಸುವುದರಿಂದ ಆ ಬಣ್ಣದ ವ್ಯತ್ಯಾಸವೇ ಅಣುವಿನ ಬೆರಳಚ್ಚು. ಚದುರಿದ ಬೆಳಕಿನ ಕೋಟಿ ಕಣಗಳಲ್ಲಿ ಕೆಲವು ಮಾತ್ರ ಹೀಗೆ ಬದಲಾಗುವುದರಿಂದ ಅದು ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈ ಶೋಧಕ್ಕೆ ಬಳಸಿದ ಉಪಕರಣಗಳ ಬೆಲೆ ಸುಮಾರು 200 ರೂಪಾಯಿ ಎಂಬುದು ಪ್ರಸಿದ್ಧ. ಕನ್ನಡಿಗರಿಗೆ ಹೆಮ್ಮೆ ತರುವ ಸಂಗತಿಯೆಂದರೆ, ರಾಮನ್ ತಮ್ಮ ಹೊಸ ವಿಕಿರಣದ ವಿವರವಾದ ಉಪನ್ಯಾಸ ನೀಡಿದ್ದು ಬೆಂಗಳೂರಿನಲ್ಲಿ. 1928ರ ಮಾರ್ಚ್ 16ರಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಅದು ನಡೆಯಿತು. ಅದೇ ಕಾಲದಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಇದೇ ಪರಿಣಾಮವನ್ನು ಸ್ವತಂತ್ರವಾಗಿ ಕಂಡಿದ್ದರು. 1930ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ರಾಮನ್ ಒಬ್ಬರಿಗೇ ಸಂದಿತು. ವಿಜ್ಞಾನದಲ್ಲಿ ಆ ಗೌರವ ಪಡೆದ ಏಷ್ಯಾದ ಮೊದಲಿಗರು ಅವರಾದರು. ಮೊದಲ ಪ್ರಕಟಣೆಗೆ ಜೊತೆಯಾಗಿ ಸಹಿ ಹಾಕಿದ್ದ ಕೃಷ್ಣನ್ ಅವರಿಗೆ ಸಲ್ಲಬೇಕಾದ ಪಾಲಿನ ಬಗ್ಗೆ ಚರ್ಚೆ ಇಂದಿಗೂ ನಿಂತಿಲ್ಲ.

ಬೆಂಗಳೂರಿನ ನಾಲ್ಕು ದಶಕ

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರೇ. ಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ವಿಜ್ಞಾನಿಗಳಿಗೆ ಇಲ್ಲಿ ನೆಲೆ ಕೊಡಿಸಲು ಯತ್ನಿಸಿ ಮ್ಯಾಕ್ಸ್ ಬಾರ್ನ್ ಅವರನ್ನು ಕರೆಸಿದರು. ಶಬ್ದದ ಅಲೆಗಳಿಂದ ಬೆಳಕು ಬಾಗುವ ಬಗೆಯನ್ನು ನಾಗೇಂದ್ರನಾಥ್ ಅವರೊಡನೆ ವಿವರಿಸಿದ್ದೂ ಇದೇ ವರ್ಷಗಳಲ್ಲಿ. 1935ರಲ್ಲಿ ಮೈಸೂರಿನ ಮಹಾರಾಜರು ರಾಜಸಭಾಭೂಷಣ ಬಿರುದನ್ನಿತ್ತು ಗೌರವಿಸಿದರು.

ಆದರೆ ಹಾದಿ ಸುಗಮವಾಗಿರಲಿಲ್ಲ. ಭೌತಶಾಸ್ತ್ರಕ್ಕೆ ಹೆಚ್ಚಿನ ಒಲವು ತೋರಿ ಉಳಿದ ವಿಭಾಗಗಳನ್ನು ಕಡೆಗಣಿಸುತ್ತಿದ್ದಾರೆಂಬ ದೂರು ಎದ್ದಿತು. ಅವರ ನೇರನುಡಿ ಹಲವರಿಗೆ ಹಿಡಿಸಲಿಲ್ಲ. 1936ರಲ್ಲಿ ಪರಿಶೀಲನಾ ಸಮಿತಿ ನೇಮಕಗೊಂಡು, 1937ರಲ್ಲಿ ಅವರು ನಿರ್ದೇಶಕ ಸ್ಥಾನದಿಂದ ಕೆಳಗಿಳಿಯಬೇಕಾಯಿತು. ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲಿಯೇ ಮುಂದುವರಿದರು. ಅವಮಾನವೆಂದು ಬೇರೆಯವರು ಬಿಟ್ಟುಹೋಗಬಹುದಾಗಿದ್ದ ಊರನ್ನು ಅವರು ಬಿಡಲಿಲ್ಲ ಎಂಬುದು ಗಮನಾರ್ಹ.

ಹೊಗಳಿಕೆಯ ನಡುವೆ ಮರೆಯಬಾರದ ಇನ್ನೊಂದು ಸಂಗತಿಯಿದೆ. 1933ರಲ್ಲಿ ಮುಂಬಯಿಯಿಂದ ಪದವಿ ಪಡೆದು ಬಂದಿದ್ದ ಕಮಲಾ ಭಾಗವತ್ ಅವರಿಗೆ ರಾಮನ್ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡದೆ ನಿಂತ ಮೇಲೆ ಷರತ್ತುಗಳೊಂದಿಗೆ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ಖ್ಯಾತರಾದ ಅವರು ಜೀವರಸಾಯನ ವಿಜ್ಞಾನದಲ್ಲಿ ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದರು. 1940ರಲ್ಲಿ ರಾಮನ್ ಅವರ ಪ್ರಯೋಗಾಲಯ ಸೇರಿದ ಅನ್ನಾ ಮಣಿ ವಜ್ರ ಮತ್ತು ಮಾಣಿಕ್ಯಗಳ ಪ್ರತಿದೀಪ್ತಿಯನ್ನು ಅಭ್ಯಸಿಸಿದರು. ಛಾಯಾಫಲಕದ ಮೇಲೆ ಒಂದು ರೋಹಿತ ಮೂಡಲು ಹದಿನೈದು ಇಪ್ಪತ್ತು ತಾಸು ಕಾಯಬೇಕಿದ್ದ ಕಾಲವದು. ಸ್ವಂತ ಹೆಸರಿನಲ್ಲಿ ಐದು ಪ್ರಬಂಧಗಳನ್ನು ಪ್ರಕಟಿಸಿದರೂ, ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ದಕ್ಕಲಿಲ್ಲ. ಪ್ರತಿದೀಪ್ತಿಯ ಇತಿಹಾಸದಲ್ಲಿ ಬೆಂಗಳೂರಿನ ಹೆಸರು ಬರುವಾಗ ಈ ಮಹಿಳೆಯರ ಹೆಸರೂ ಬರಬೇಕು.

1948ರಲ್ಲಿ ನಿವೃತ್ತರಾದ ರಾಮನ್, ಮೈಸೂರು ಸಂಸ್ಥಾನ ನೀಡಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಸರ್ಕಾರದ ಹಣಕ್ಕೆ ಕೈಚಾಚಿದರೆ ಸರ್ಕಾರದ ಮರ್ಜಿಗೂ ಒಳಗಾಗಬೇಕೆಂಬ ಅಂಜಿಕೆಯಿಂದ ದಾನಿಗಳನ್ನೂ ಸ್ವಂತ ಉದ್ಯಮದ ಆದಾಯವನ್ನೂ ನೆಚ್ಚಿಕೊಂಡರು. ಆವರಣದಲ್ಲಿ ಮರಗಳನ್ನು ಬೆಳೆಸಿದರು. ಹರಳು, ಖನಿಜ, ಚಿಪ್ಪು, ಚಿಟ್ಟೆಗಳ ಸಂಗ್ರಹ ಮಾಡಿದರು. 1954ರಲ್ಲಿ ಭಾರತರತ್ನ, 1957ರಲ್ಲಿ ಲೆನಿನ್ ಶಾಂತಿ ಪ್ರಶಸ್ತಿ ಅವರಿಗೆ ಸಂದವು. ಕೊನೆಯ ದಶಕದಲ್ಲಿ ಅವರನ್ನು ಸೆಳೆದದ್ದು ಹೂವಿನ ಬಣ್ಣ ಮತ್ತು ಕಣ್ಣಿನ ದೃಷ್ಟಿ. ಬಣ್ಣವನ್ನು ಮನುಷ್ಯ ಹೇಗೆ ಅರಿಯುತ್ತಾನೆ ಎಂಬ ವಿಷಯದ ಮೇಲೆ ಗ್ರಂಥವನ್ನೇ ಬರೆದರು. 1970ರ ನವೆಂಬರ್ 21ರಂದು, 82ರ ಹರೆಯದಲ್ಲಿ, ಬೆಂಗಳೂರಿನಲ್ಲಿ ನಿಧನರಾದರು. ಅವರ ಇಚ್ಛೆಯಂತೆ ಯಾವ ಆಡಂಬರವಿಲ್ಲದೆ ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ನಡೆಯಿತು.

ಗಡ್ಡೆಯ ಅಂಚು ಎಲ್ಲಿ?

ರಾಮನ್ ತಮ್ಮ ಸಂಸ್ಥೆಯನ್ನು ಕಟ್ಟುತ್ತಿದ್ದ 1948ರಲ್ಲಿಯೇ ಅಮೆರಿಕದ ಮಿನೆಸೋಟದ ಜಾರ್ಜ್ ಮೂರ್ ಮತ್ತು ಸಂಗಡಿಗರು ಫ್ಲೋರೆಸೀನ್ ಎಂಬ ಹೊಳೆಯುವ ವರ್ಣದ್ರವ್ಯದ ಮೂಲಕ ಮಿದುಳಿನ ಗಡ್ಡೆಯನ್ನು ಗುರುತಿಸಬಹುದೆಂದು ವರದಿ ಮಾಡಿದರು. ಈ ಎರಡೂ ಘಟನೆಗಳಿಗೆ ಅಂದು ಸಂಬಂಧವಿರಲಿಲ್ಲ. ಆದರೆ ಮೂರ್ ಎದುರಿಸಿದ ಕಷ್ಟ ಇಂದಿಗೂ ಶಸ್ತ್ರಚಿಕಿತ್ಸಕರನ್ನು ಕಾಡುತ್ತಿದೆ. ಮಿದುಳಿನ ಗಡ್ಡೆ ಎಲ್ಲಿ ಮುಗಿಯಿತು, ಒಳ್ಳೆಯ ಮಿದುಳು ಎಲ್ಲಿ ಆರಂಭವಾಯಿತು ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ.

ಗ್ಲಿಯೊಬ್ಲಾಸ್ಟೋಮಾ ಎಂಬುದು ವಯಸ್ಕರಲ್ಲಿ ಕಾಣಿಸಿಕೊಳ್ಳುವ ಮಿದುಳಿನ ಗಡ್ಡೆಗಳಲ್ಲಿ ಅತ್ಯಂತ ಉಗ್ರವಾದದ್ದು. ಅದು ಉಂಡೆಯಂತೆ ಒಂದೆಡೆ ನಿಲ್ಲುವುದಿಲ್ಲ. ಮರದ ಬೇರು ಮಣ್ಣಿನಲ್ಲಿ ಇಳಿಯುವಂತೆ ಸುತ್ತಲಿನ ಮಿದುಳಿನೊಳಗೆ ಇಳಿಯುತ್ತದೆ. ಹೊಟ್ಟೆಯ ಗಡ್ಡೆಯಾದರೆ ಸುತ್ತಲಿನ ಒಂದಿಷ್ಟು ಭಾಗವನ್ನೂ ಸೇರಿಸಿ ತೆಗೆಯಬಹುದು. ಮಿದುಳಿನಲ್ಲಿ ಹಾಗಾಗದು. ಒಂದಿಷ್ಟು ಹೆಚ್ಚು ಕತ್ತರಿಸಿದರೆ ಮಾತು ಹೋಗಬಹುದು, ಕೈ ಸೋಲಬಹುದು. ಕಡಿಮೆ ಕತ್ತರಿಸಿದರೆ ಗಡ್ಡೆ ಬೇಗ ಮರಳುತ್ತದೆ. ಶಸ್ತ್ರಚಿಕಿತ್ಸೆ, ವಿಕಿರಣ, ಟೆಮೊಜೊಲೊಮೈಡ್ ಔಷಧಿ ಮೂರನ್ನೂ ಕೊಟ್ಟರೂ ಅರ್ಧದಷ್ಟು ರೋಗಿಗಳು ಒಂದೂಕಾಲು ವರ್ಷದ ಆಸುಪಾಸಿನಲ್ಲಿ ಕೊನೆಯುಸಿರೆಳೆಯುತ್ತಾರೆಂಬುದು 2005ರಲ್ಲಿ ಪ್ರಕಟವಾದ ಪ್ರಮುಖ ಅಧ್ಯಯನದಿಂದ ತಿಳಿದ ಕಟುಸತ್ಯ.

ಇಲ್ಲಿ ನೆರವಿಗೆ ಬಂದದ್ದು ಅಮೈನೊ ಲೆವುಲಿನಿಕ್ ಆಮ್ಲ. ಈ ಅಣು ನಮಗೆ ಅಪರಿಚಿತವಲ್ಲ. ಶಿರಸಿಯ ಅಡಕೆ ತೋಟದ ಹಸಿರು, ಯಲ್ಲಾಪುರದ ಕಾಡಿನ ಹಸಿರು ಹುಟ್ಟುವುದೇ ಇದರಿಂದ. ಗಿಡಗಳು ಇದನ್ನು ಕಚ್ಚಾವಸ್ತುವಾಗಿ ಬಳಸಿ ಪತ್ರಹರಿತ್ತನ್ನು ತಯಾರಿಸುತ್ತವೆ. ನಮ್ಮ ದೇಹ ಇದರಿಂದಲೇ ರಕ್ತದ ಕೆಂಪು ಹೀಮ್ ಅನ್ನು ತಯಾರಿಸುತ್ತದೆ. ಹೀಮ್ ಆಗುವ ಮೊದಲಿನ ಮೆಟ್ಟಿಲಲ್ಲಿ ಪ್ರೋಟೋಪಾರ್ಫೈರಿನ್ ಎಂಬ ವಸ್ತು ಉಂಟಾಗುತ್ತದೆ. ಪತ್ರಹರಿತ್ತಿನ ಬಂಧುವಾದ ಅದೂ ನೀಲಿನೇರಳೆ ಬೆಳಕಿನಡಿ ಕೆಂಪಾಗಿ ಹೊಳೆಯುತ್ತದೆ. ರೋಗಿಗೆ ಅರಿವಳಿಕೆ ಕೊಡುವ ಸುಮಾರು ಮೂರು ತಾಸು ಮೊದಲು ಈ ಆಮ್ಲವನ್ನು ನೀರಿನಲ್ಲಿ ಕದಡಿ ಕುಡಿಸಿದರೆ, ಪ್ರೋಟೋಪಾರ್ಫೈರಿನ್ ಗಡ್ಡೆಯ ಭಾಗದಲ್ಲಿ ಸಂಗ್ರಹವಾಗುತ್ತದೆ. ಸೂಕ್ಷ್ಮದರ್ಶಕದ ದೀಪವನ್ನು ನೀಲಿಗೆ ಬದಲಿಸಿದಾಗ ಸುತ್ತಲಿನ ಮಿದುಳು ನೀಲಿಯಾಗಿಯೇ ಉಳಿದು ಗಡ್ಡೆ ಕೆಂಡದಂತೆ ಕಾಣುತ್ತದೆ.

ಜರ್ಮನಿಯ ವಾಲ್ಟರ್ ಸ್ಟುಮ್ಮರ್ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಈ ವಿಧಾನಕ್ಕೆ ಗಟ್ಟಿ ಆಧಾರ ಒದಗಿಸಿತು. 270 ರೋಗಿಗಳ ವಿಶ್ಲೇಷಣೆಯಲ್ಲಿ, ಸಾಧಾರಣ ಬೆಳಕಿನಡಿ ಶಸ್ತ್ರಚಿಕಿತ್ಸೆಯಾದವರ ಪೈಕಿ ಶೇ 36ರಷ್ಟು ಮಂದಿಯಲ್ಲಿ ಮಾತ್ರ ಸ್ಕ್ಯಾನಿನಲ್ಲಿ ಕಾಣುವ ಗಡ್ಡೆ ಪೂರ್ತಿ ಹೋಗಿತ್ತು. ಹೊಳಪಿನ ನೆರವು ಪಡೆದವರಲ್ಲಿ ಈ ಪ್ರಮಾಣ ಶೇ 65. ಆರು ತಿಂಗಳವರೆಗೆ ಗಡ್ಡೆ ಮತ್ತೆ ಬೆಳೆಯದೆ ಉಳಿದವರ ಪ್ರಮಾಣ ಶೇ 21ರಿಂದ 41ಕ್ಕೇರಿತು. ಒಟ್ಟು ಆಯುಸ್ಸಿನಲ್ಲಿ ಸ್ಪಷ್ಟ ವ್ಯತ್ಯಾಸವನ್ನು ಆ ಅಧ್ಯಯನ ತೋರಿಸಲಿಲ್ಲ. 2007ರಲ್ಲಿ ಯುರೋಪ್, 2017ರಲ್ಲಿ ಅಮೆರಿಕ ಈ ಔಷಧಿಗೆ ಅನುಮತಿ ನೀಡಿದವು.

ಹೊಳೆಯುತ್ತಿರುವುದು ಯಾರು?

ಇಷ್ಟಾದ ಮೇಲೆ, ಕೆಂಪಾಗಿ ಹೊಳೆಯುವುದೆಲ್ಲ ಕ್ಯಾನ್ಸರ್ ಕೋಶ ಎಂದೇ ಬಹುಕಾಲ ಭಾವಿಸಲಾಗಿತ್ತು. ಇಲ್ಲಿಯೇ ರಾಮನ್ ಅವರ ಬೆಳಕು ಕಥೆಯೊಳಗೆ ಪ್ರವೇಶಿಸುತ್ತದೆ.

ರಾಮನ್ ಪರಿಣಾಮ ಬಹಳ ಕ್ಷೀಣವಾದ್ದರಿಂದ ಅದು ದಶಕಗಳ ಕಾಲ ರಸಾಯನ ಪ್ರಯೋಗಾಲಯಗಳಿಗೆ ಸೀಮಿತವಾಗಿತ್ತು. 1960ರಲ್ಲಿ ಲೇಸರ್ ಬಂದ ಮೇಲೆ ಅದಕ್ಕೆ ಹೊಸ ಜೀವ ಬಂತು. ಎರಡು ಲೇಸರ್‌ಗಳನ್ನು ಅಣುವಿನ ಕಂಪನಕ್ಕೆ ಸರಿಹೊಂದುವಂತೆ ಶ್ರುತಿ ಮಾಡಿ ಒಟ್ಟಿಗೆ ಹಾಯಿಸಿದರೆ ಕ್ಷೀಣ ಸಂಕೇತ ಹಲವು ಪಟ್ಟು ಬಲಗೊಳ್ಳುತ್ತದೆ. ಇದಕ್ಕೆ ಪ್ರಚೋದಿತ ರಾಮನ್ ಚದುರುವಿಕೆ ಎನ್ನುತ್ತಾರೆ. ಕೊಬ್ಬು ಮತ್ತು ಪ್ರೋಟೀನುಗಳು ಬೇರೆ ಬೇರೆ ಕಂಪನ ಹೊಂದಿರುವುದರಿಂದ, ಕೊಬ್ಬಿನ ಹೊದಿಕೆಯ ನರತಂತುಗಳೂ ಒತ್ತೊತ್ತಾದ ಗಡ್ಡೆಯ ಕೋಶಗಳೂ ಚಿತ್ರದಲ್ಲಿ ಬೇರೆಯಾಗಿ ಮೂಡುತ್ತವೆ. ಬಣ್ಣ ಹಾಕಬೇಕಿಲ್ಲ, ಅಂಗಾಂಶವನ್ನು ಹೆಪ್ಪುಗಟ್ಟಿಸಿ ತೆಳ್ಳಗೆ ಕೊಯ್ಯಬೇಕಿಲ್ಲ.

2015ರಲ್ಲಿ ಕೆನಡಾದ ಮಾಂಟ್ರಿಯಲ್‌ನ ತಂಡವೊಂದು ಕೈಯಲ್ಲಿ ಹಿಡಿಯುವ ರಾಮನ್ ಶಲಾಕೆಯನ್ನು ಶಸ್ತ್ರಚಿಕಿತ್ಸೆಯ ನಡುವೆಯೇ ಮಿದುಳಿಗೆ ತಾಕಿಸಿ, ಗಡ್ಡೆಯ ಕೋಶ ಇದೆಯೇ ಇಲ್ಲವೇ ಎಂಬುದನ್ನು ಶೇ 90ಕ್ಕೂ ಮೀರಿದ ನಿಖರತೆಯಿಂದ ಹೇಳಬಹುದೆಂದು ತೋರಿಸಿತು. 2017ರಲ್ಲಿ ಅಮೆರಿಕದ ಡೇನಿಯಲ್ ಆರಿಂಜರ್ ಮತ್ತು ಸಂಗಡಿಗರು ರಾಮನ್ ಸೂಕ್ಷ್ಮದರ್ಶಕವನ್ನು ಶಸ್ತ್ರಚಿಕಿತ್ಸಾ ಕೋಣೆಗೇ ತಂದರು. 2020ರಲ್ಲಿ ಅದೇ ಬಳಗ 278 ರೋಗಿಗಳ ಅಧ್ಯಯನದಲ್ಲಿ, ಕೃತಕ ಬುದ್ಧಿಮತ್ತೆಯ ನೆರವಿನೊಂದಿಗೆ ಎರಡೂವರೆ ನಿಮಿಷದೊಳಗೆ ದೊರೆತ ನಿರ್ಣಯ ಶೇ 94.6ರಷ್ಟು ಸರಿಯಾಗಿತ್ತೆಂದು ವರದಿ ಮಾಡಿತು. ರೋಗನಿದಾನ ತಜ್ಞರ ಸಾಂಪ್ರದಾಯಿಕ ವಿಧಾನದ ಪ್ರಮಾಣ ಶೇ 93.9. ಆ ಸಾಂಪ್ರದಾಯಿಕ ವಿಧಾನಕ್ಕೆ ಇಪ್ಪತ್ತು ಮೂವತ್ತು ನಿಮಿಷ ತಗಲುತ್ತದೆ. ಅಷ್ಟೂ ಹೊತ್ತು ರೋಗಿಯ ತಲೆಬುರುಡೆ ತೆರೆದೇ ಇರುತ್ತದೆ.

ಮುಂದಿನ ಹೆಜ್ಜೆ ಇನ್ನಷ್ಟು ಕುತೂಹಲಕರ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾಲ್ಕು ವೈದ್ಯಕೀಯ ಸಂಸ್ಥೆಗಳ 115 ರೋಗಿಗಳಿಂದ ತೆಗೆದ ತಾಜಾ ಗಡ್ಡೆಯ ತುಣುಕುಗಳನ್ನು ಒಂದೇ ಸೂಕ್ಷ್ಮದರ್ಶಕದಡಿ ಎರಡೂ ಬೆಳಕಿನಿಂದ ನೋಡಲಾಯಿತು. ರಾಮನ್ ಚದುರುವಿಕೆ ಕೋಶಗಳ ರೂಪವನ್ನು ತೋರಿಸಿತು. ಪ್ರತಿದೀಪ್ತಿ ಎಲ್ಲಿ ಹೊಳಪಿದೆ ಎಂಬುದನ್ನು ತೋರಿಸಿತು. ಗಡ್ಡೆಯ ಕೋಶಗಳು ಹೆಚ್ಚು ದಟ್ಟವಾಗಿದ್ದಲ್ಲಿ ಹೊಳಪೂ ಹೆಚ್ಚಿರಬೇಕೆಂಬುದು ನಿರೀಕ್ಷೆ. ಹಾಗಿರಲಿಲ್ಲ, ಸಂಬಂಧ ತುಸು ವಿರುದ್ಧ ದಿಕ್ಕಿನಲ್ಲೇ ಇತ್ತು. ಕೋಶದೊಳಗೆ ಹೊಳಪು ತುಂಬಿದ್ದ ಜಾಗಗಳಲ್ಲಿ ಪ್ರಧಾನವಾಗಿದ್ದವು ಮಯಲಾಯ್ಡ್ ಎಂಬ ಕುಲಕ್ಕೆ ಸೇರಿದ ರೋಗನಿರೋಧಕ ಕೋಶಗಳು.

ಈ ಕೋಶಗಳು ದೇಹದ ಕಾವಲುಗಾರರು. ರೋಗಾಣುವನ್ನು ನುಂಗುವುದು, ಸತ್ತ ಕೋಶಗಳನ್ನು ಗುಡಿಸುವುದು ಅವುಗಳ ಕಸುಬು. ಗ್ಲಿಯೊಬ್ಲಾಸ್ಟೋಮಾ ಅವನ್ನು ಭಾರಿ ಸಂಖ್ಯೆಯಲ್ಲಿ ತನ್ನೆಡೆಗೆ ಸೆಳೆದು, ಕಾವಲು ಬಿಡಿಸಿ ಸ್ವಂತ ಚಾಕರಿಗೆ ಹಚ್ಚಿಕೊಳ್ಳುತ್ತದೆ. ಗಡ್ಡೆಯ ಗಣನೀಯ ಪಾಲು ಇಂಥ ಕೋಶಗಳಿಂದಲೇ ಆಗಿರುತ್ತದೆ. ಈ ರೋಗದಲ್ಲಿ ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುವ ಚಿಕಿತ್ಸೆಗಳು ಈವರೆಗೆ ನಿರೀಕ್ಷಿತ ಫಲ ಕೊಡದಿರುವುದಕ್ಕೆ ಇದೂ ಒಂದು ಕಾರಣ.

ಇದರರ್ಥ ಹೊಳಪಿನ ನೆರವಿನ ಶಸ್ತ್ರಚಿಕಿತ್ಸೆ ವ್ಯರ್ಥವೆಂದಲ್ಲ. ಈ ರೋಗನಿರೋಧಕ ಕೋಶಗಳು ಬೀಡುಬಿಟ್ಟಿರುವುದು ಗಡ್ಡೆಯ ಸೀಮೆಯಲ್ಲೇ ಆದ್ದರಿಂದ ಕೆಂಪು ಬೆಳಕು ಆ ಸೀಮೆಯನ್ನು ತೋರಿಸುತ್ತದೆ. 2006ರ ಅಂಕಿಅಂಶಗಳು ಸುಳ್ಳಾಗುವುದಿಲ್ಲ. ಆದರೆ ಹೊಳಪು ನಿಂತ ಕಡೆ ಕ್ಯಾನ್ಸರ್ ಮುಗಿಯಿತೆಂದು ನೆಮ್ಮದಿಪಡುವಂತಿಲ್ಲ. ಜೊತೆಗೆ, ಗಡ್ಡೆಯೊಳಗಿನ ರೋಗನಿರೋಧಕ ಕೋಶಗಳ ನೆಲೆಯನ್ನು ಅರಿಯಲು ಇದೇ ಹೊಳಪು ಕಿಟಕಿಯಾಗಬಹುದೆಂಬ ಆಶೆಯೂ ಮೂಡಿದೆ. 1923ರಲ್ಲಿ ಕಲ್ಕತ್ತೆಯಲ್ಲಿ ದುರ್ಬಲ ಪ್ರತಿದೀಪ್ತಿಯೆಂದು ಹೆಸರಿಟ್ಟು ಸುಮ್ಮನಾಗಿದ್ದರೆ ರಾಮನ್ ಪರಿಣಾಮ ಅಲ್ಲಿ ದೊರೆಯುತ್ತಿರಲಿಲ್ಲ. ಹೊಳಪಿಗೆ ಮೊದಲು ಇಟ್ಟ ಹೆಸರನ್ನೇ ಅನುಮಾನಿಸುವ ಆ ಅಭ್ಯಾಸ ಇಲ್ಲಿಯೂ ಫಲಿಸಿದೆ.

ನಮ್ಮ ಜಿಲ್ಲೆಯ ಪಾಲಿಗೆ

ಈ ಎಲ್ಲ ಬೆಳವಣಿಗೆ ಘಟ್ಟದ ಮೇಲಿನ ಮೂರು ತಾಲ್ಲೂಕುಗಳ ಜನರಿಗೆ ಎಷ್ಟು ಹತ್ತಿರ ಎಂಬ ಪ್ರಶ್ನೆ ಸಹಜ. ತಲೆನೋವು, ವಾಂತಿ, ಇದ್ದಕ್ಕಿದ್ದಂತೆ ಬರುವ ಅಪಸ್ಮಾರ, ತೊದಲುವ ಮಾತು ಇವುಗಳ ಬೆನ್ನಿಗೆ ಸ್ಕ್ಯಾನಿನಲ್ಲಿ ಗಡ್ಡೆ ಕಂಡರೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕುಟುಂಬಗಳು ಹುಬ್ಬಳ್ಳಿ, ಮಣಿಪಾಲ ಅಥವಾ ಬೆಂಗಳೂರಿನ ದಾರಿ ಹಿಡಿಯುತ್ತವೆ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ಒಕ್ಕೊರಲಿನಿಂದ ಕೂಗೆಬ್ಬಿಸಿದ್ದರ ಹಿಂದೆ ಇಂಥ ಪಯಣಗಳ ದಣಿವಿತ್ತು. ಗಡ್ಡೆ ಬೆಳೆಯುವ ವೇಗಕ್ಕೆ ಹೋಲಿಸಿದರೆ ಘಟ್ಟದ ತಿರುವುಗಳಲ್ಲಿ, ದಾಖಲಾತಿಯ ಸರತಿಯಲ್ಲಿ ಕಳೆಯುವ ದಿನಗಳು ಚಿಕ್ಕವಲ್ಲ.

ದೊಡ್ಡ ಯಂತ್ರಗಳೆಲ್ಲ ಪ್ರತಿ ತಾಲ್ಲೂಕಿಗೂ ಬರಲಾರವು. ಆದರೆ ಬೇಗ ಗುರುತಿಸುವುದು, ಬೇಗ ಕಳುಹಿಸುವುದು, ಶಸ್ತ್ರಚಿಕಿತ್ಸೆಯ ನಂತರದ ಆರೈಕೆ ಊರ ಹತ್ತಿರವೇ ಸಿಗುವಂತೆ ಮಾಡುವುದು ಅಸಾಧ್ಯವೇನಲ್ಲ. ರೋಗಿಯ ಮನೆಯವರೂ ಹೊಳಪಿನ ನೆರವಿನ ಶಸ್ತ್ರಚಿಕಿತ್ಸೆ ತಮ್ಮವರಿಗೆ ಅನ್ವಯಿಸುವುದೇ, ಎಷ್ಟು ಭಾಗ ತೆಗೆಯಲು ಸಾಧ್ಯ, ಯಾವ ಅಪಾಯವಿದೆ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು. ಆ ಔಷಧಿ ಕುಡಿದವರು ಒಂದು ದಿನದ ಮಟ್ಟಿಗೆ ಬಿಸಿಲು ಮತ್ತು ಪ್ರಖರ ಬೆಳಕಿನಿಂದ ದೂರವಿರಬೇಕೆಂಬಂಥ ಸಣ್ಣ ಸಂಗತಿಗಳೂ ಮುಖ್ಯ.

ರಾಮನ್ ನಿಧನರಾಗಿ ಐದು ದಶಕಗಳಿಗೂ ಹೆಚ್ಚು ಕಾಲ ಸಂದಿದೆ. ಅವರು ಕಂಡುಹಿಡಿದ ಕ್ಷೀಣ ಬೆಳಕು ರೋಗವನ್ನು ವಾಸಿ ಮಾಡುವುದಿಲ್ಲ; ಗ್ಲಿಯೊಬ್ಲಾಸ್ಟೋಮಾಕ್ಕೆ ಪೂರ್ಣ ಮದ್ದು ಇನ್ನೂ ದೊರೆತಿಲ್ಲ. ಅದು ಮಾಡುವ ಕೆಲಸ ಒಂದೇ. ಕತ್ತಿಯ ಮೊನೆ ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದುವರಿಯಬೇಕು ಎಂಬುದನ್ನು ತುಸು ಸ್ಪಷ್ಟವಾಗಿ ತೋರಿಸುವುದು. ಮಾತನ್ನೂ ಕೈಯ ಬಲವನ್ನೂ ಉಳಿಸಿಕೊಂಡು ಇನ್ನಷ್ಟು ತಿಂಗಳು ತಮ್ಮವರ ನಡುವೆ ಇರಬಯಸುವ ರೋಗಿಗೆ ಅಷ್ಟೂ ದೊಡ್ಡದೇ. ಮುಂದಿನ ಫೆಬ್ರವರಿ 28ರಂದು ಕಡಲ ನೀಲಿಯ ಕಥೆ ಹೇಳುವ ಮೇಷ್ಟರು ಎಲೆಯ ರಸ ಕೆಂಪಾಗಿ ಹೊಳೆಯುವುದನ್ನೂ ಮಕ್ಕಳಿಗೆ ತೋರಿಸಿ, ಈ ಇನ್ನೊಂದು ಕಥೆಯನ್ನು ಸೇರಿಸಿ ಹೇಳಿದರೆ ಆ ಭಾವಚಿತ್ರಕ್ಕೆ ಹಾಕಿದ ಹೂಮಾಲೆಗೆ ಅರ್ಥ ಬಂದೀತು.